ಗೇಣು ನೆಲ

ಲಸ್ಮಿಯ ಅಂಗಳದ ನಾಲ್ಕನೆಯ ಮೂಲೆಗೆ ಅಳತೆಯ ಗೂಟ ಹೊಡೆಯುವಾಗ ಪಕ್ಕದ ಮನೆಯ ದಾರ್ಸುನ್ ಅಡ್ಡ ಬಂದು ನಿಂತನು. ಗಡಿಯ ಪತ್ರಕ್ಕೆ ತಾನು ಸಹಿ ಹಾಕುವುದಿಲ್ಲವೆಂದನು. ಉಳಿದ ಮೂರು ಕಡೆಯ ನೆರೆಯವರು ಆಗಲೇ ಹಾಕಿದ್ದರು. ಅವನ ಸಹಿ ಇಲ್ಲದೆ ನೆಲದ ಹಕ್ಕುಪತ್ರ ಸಿಗದು. ಹಕ್ಕುಪತ್ರವಿಲ್ಲದೆ ಮನೆ ಮಾರುವ ಹಾಗಿಲ್ಲ. ಗಂಡ ಕಾರ್ಜೋನೋ ತೀರಿಕೊಂಡ ಮೇಲೆ ಲಸ್ಮಿ, ತುಬಾನ್ ಪಟ್ಟಣದಲ್ಲಿ ಮಗಳ ಮನೆಯ ಪಕ್ಕಕ್ಕೇ ಒಂದು ಪುಟ್ಟ ಮನೆ ನೋಡಿಕೊಂಡಿದ್ದಳು. ಇದನ್ನು ಮಾರಿದರೆ ಅದು.

ಅಳತೆಯ ಅಧಿಕಾರಿ ಕಾರಣ ಕೇಳಿದನು. ಬಿದಿರು ಬೇಲಿ ಕಟ್ಟುವಾಗ ತನ್ನ ನೆಲದಲ್ಲಿ ಒಂದು ಗೇಣನ್ನು ಕಾರ್ಜೋನೋ ಒತ್ತಿಕೊಂಡನೆಂದು ದಾರ್ಸುನ್ ದೂರಿದನು.

“ಗೇಣು ನೆಲ ಕದ್ದೋನ ಕೊರಳಿಗೆ ಕಡೇ ದಿನ ಏಳು ಭೂಮಿ ಸುತ್ಕೊಳ್ಳುತ್ತಂತೆ. ನಿಮ್ಮ ಯಜಮಾನ್ರು ಅಷ್ಟು ಹೊರೋ ಆಳಾ, ಅಕ್ಕಾ?”

ನೋಡುತ್ತಿದ್ದವರು ತಲೆ ತಗ್ಗಿಸಿದರು. ಮನೆ ಕೊಳ್ಳಲು ಬಂದವನು ಮೆಲ್ಲನೆ ತನ್ನ ಬೈಕಿನ ಕಡೆ ಹೊರಟನು.

ಲಸ್ಮಿ ತಲೆವಸ್ತ್ರ ಸರಿಮಾಡಿಕೊಂಡು ದಾರ್ಸುನನ ಎದುರಿಗೆ ಬಂದಳು.

“ತಮ್ಮಾ, ಇದೇ ಅಂಗಳದಿಂದ ಅವರನ್ನ ಹೂಳೋಕೆ ಎತ್ತೋ ಮೊದಲು ಇಮಾಮರು ಏನು ಕೇಳಿದ್ರು?”

ಅವನು ಗೂಟದ ಕಡೆ ನೋಡಿದನು.

“ನಾನೇ ಹೇಳ್ತೀನಿ. ಇವರ ಮೇಲೆ ಯಾರದಾದ್ರೂ ತಕರಾರಿದ್ರೆ ಈಗ್ಲೇ ಹೇಳಿ, ಇಲ್ದಿದ್ರೆ ಮನ್ನಿಸಿ ಅಂದ್ರು. ಇವರು ಎಂಥವರು ಅಂತ್ಲೂ ಕೇಳಿದ್ರು. ಎಲ್ಲರಿಗಿಂತ ಜೋರಾಗಿ ‘ಒಳ್ಳೆಯವರು’ ಅಂದದ್ದು ನಿನ್ನ ದನಿ. ಹೆಣದ ಮುಂದೆ ನಿಂತು ಸುಳ್ಳು ಹೇಳಿದ್ಯಾ?”

ಆ ಉತ್ತರವನ್ನು ನಮ್ಮಲ್ಲಿ ಪ್ರತಿ ಸಾವಿನಲ್ಲೂ ಎಲ್ಲರೂ ಕೊಡುತ್ತಾರೆ. ಅದಕ್ಕೆ ಜವಾಬು ಕೇಳಿದವರನ್ನು ಅಂದಿನವರೆಗೆ ಯಾರೂ ಕಂಡಿರಲಿಲ್ಲ.

ತಾನು ಅಂದು ದಾರ್ಸುನನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆನೆಂದು ಬೇಲಿಯಾಚೆಯಿಂದ ಒಬ್ಬರು ಹೇಳಿದರು. ಕೊನೆಗೆ ಅವನು, ತಕರಾರೇನೂ ಇಲ್ಲ, ಅವತ್ತೇ ಮನ್ನಿಸಿದ್ದೆ ಎಂದು ಗೊಣಗಿ ಪತ್ರಕ್ಕೆ ಕೈ ಚಾಚಿದನು. ಬೈಕಿನವನು ಹಿಂದಿರುಗಿ ಬಂದನು.

“ನಿಲ್ಲು,” ಎಂದಳು ಲಸ್ಮಿ. ಗೂಟವನ್ನು ತಾನೇ ಕಿತ್ತು, ಒಂದು ಗೇಣು ತನ್ನ ಅಂಗಳದೊಳಗೆ ಊರಿ, ಸೊಂಟ ನೆಟ್ಟಗೆ ಮಾಡಿ ಅಧಿಕಾರಿಯ ಕಡೆ ತಿರುಗಿದಳು.

“ಈಗ ಅಳೀರಿ, ಸಾರ್. ಕದ್ದದ್ದನ್ನ ವಾಪಸ್ ಕೊಟ್ರು ಅಂತ ಬರೀಬೇಡಿ. ಕಾರ್ಜೋನೋ ಹೆಂಡ್ತಿ ದಾನ ಕೊಟ್ಲು ಅಂತ ಬರ್ಕೊಳ್ಳಿ. ಕೈಯೊಡ್ಡಿದೋನ ಹೆಸರೂ ಇರ್ಲಿ.”