ನೆಗೆಣ್ಣಿಯ ಹೆಪ್ಪು

ಗರ್ಭಕೋಶದ ಒಳ್ಳೆಯ ಸೂಕ್ಷ್ಮಜೀವಿಗಳು ಹೆಚ್ಚಿನ ಹೆಂಗಸರಲ್ಲಿ ಅಳಿದುಹೋದ ಮೇಲೆ, ಮಗು ಬೇಕೆಂದವರು ಮೊದಲು ಇನ್ನೊಬ್ಬಳಿಂದ ಆ ಜೀವಿಗಳ ಹೆಪ್ಪು ಪಡೆಯುವುದು ರೂಢಿಯಾಗಿತ್ತು. ಮಹಾನಂದಾಳಿಗೆ ತಾಯಿಯದೂ ಅಕ್ಕನದೂ ಕೂಡಿಬರಲಿಲ್ಲ. ಕೂಡಿಬಂದದ್ದು ಗಂಡನ ಅಣ್ಣನ ಹೆಂಡತಿ ದಾಕ್ಷಾಯಣಿಯದು.

"ಅವರಿಗೆ ಮಕ್ಕಳ ಆಗಿಲ್ಲಲ್ರಿ," ಎಂದಳು ಮಹಾನಂದಾ.

"ಅವರದು ಭಾಳ ಛಲೋ ಐತ್ರಿ. ಇಂಥಾದ್ದು ಗದಗಿನ್ಯಾಗ ನಾಕೈದು ಮಂದಿಗಷ್ಟ ಉಳದೈತಿ," ಎಂದಳು ಹೆಪ್ಪಿನ ಕೇಂದ್ರದ ನರ್ಸ್.

ಮಹಾನಂದಾಳ ಮುಖ ಬಾಡಿತು. ಸೊಸೆಯಾಗಿ ಮನೆಗೆ ಬಂದ ದಿನ ದಾಕ್ಷಾಯಣಿ ಉಡಿ ತುಂಬಲು ಬಂದಾಗ, ಬಂಜೆಯ ಕೈಯ ಅಕ್ಕಿ ಬೇಡವೆಂದು ಮಹಾನಂದಾ ಎಲ್ಲರೆದುರು ಸೆರಗು ಹಿಂದಕ್ಕೆಳೆದುಕೊಂಡಿದ್ದಳು. ದಾಕ್ಷಾಯಣಿ ಅಂದು ಆ ಅಕ್ಕಿಯನ್ನು ಒಳಗೆ ಒಯ್ದಿದ್ದಳು.

ಈಗ ಕರೆದ ಕೂಡಲೇ ಕೇಂದ್ರಕ್ಕೆ ಬಂದಳು. ಹೆಪ್ಪು ಕೊಟ್ಟು, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಹೊರಬಂದಳು. ಮಹಾನಂದಾ ಎದ್ದು ನಿಂತಳು.

"ಅಕ್ಕಾ, ಅವತ್ತ ನಾ..." ಎಂದಳು.

"ಇರ್ಲಿ ಬಿಡವಾ. ನಾನೂ ನನ್ನದ ದೋಷ ಅಂತ ತಿಳ್ಕೊಂಡಿದ್ನಿ," ಎಂದಳು ದಾಕ್ಷಾಯಣಿ. ಆಮೇಲೆ ಅಂಜುತ್ತಲೇ ಕೇಳಿದಳು: "ಕೂಸು ಹುಟ್ಟಿದ ಮ್ಯಾಲೆ ನಂಗ ಎತ್ಕೊಳ್ಳಾಕ ಕೊಡ್ತೀಯೇನ?"

ಮಹಾನಂದಾ ಅವಳ ಕಾಲು ಮುಟ್ಟಲು ಬಾಗಿದಳು. ಬಾಗಿದ ತಲೆಯನ್ನು ಮತ್ತೆ ಎತ್ತಲಾಗಲಿಲ್ಲ.