ಸದ್ದಿಲ್ಲದ ಕ್ಯಾಬಿನೆಟ್

ಹೆಜ್ಜೆ ಬಾಗಿಲ ಆಚೆ ನಿಂತಿತು. ಹೇಮಲತಾ ಕೀಬೋರ್ಡಿನಿಂದ ಕೈ ತೆಗೆದಳು.

ಯಾರೂ ಬಾಗಿಲು ಬಡಿಯಲಿಲ್ಲ. ಕೆಮ್ಮಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಮಾತ್ರ. ಮೇಜಿನಡಿ, ಬರಿಯ ನೆಲದ ಮೇಲೆ ಅವಳ ಕಂಪ್ಯೂಟರ್ ಗುಂಯ್ಗುಡುತ್ತಿತ್ತು. ತೆರೆಯ ಮೇಲಿನ ಆಟ ಬಿರುಸಾದಷ್ಟೂ ಫ್ಯಾನುಗಳ ಸದ್ದು ಏರುತ್ತಿತ್ತು. ನೆರಳು ಒಂದು ನಿಮಿಷ ಕದಲಲಿಲ್ಲ. ಆಮೇಲೆ ಹೆಜ್ಜೆಗಳು ಮೆಟ್ಟಿಲಿಳಿದವು. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ದೀಪ ಆರಿ, ಅಂಗಳದಲ್ಲಿ ಬಿದ್ದಿದ್ದ ಬೆಳಕಿನ ಚೌಕ ಮಾಯವಾಯಿತು. ಗಂಟೆ ಎಂಟೂವರೆ.

ಸೋಮವಾರದಿಂದ ಪ್ರತಿ ಸಂಜೆ ಹೀಗೆ. ಆ ಪಾದಗಳು ಮನೆಯ ಮಾಲೀಕ ಗೋಪಾಲಪ್ಪನವು. ಅದು ಅವಳಿಗೆ ಗೊತ್ತು. ಗೊತ್ತಿದ್ದುದರಿಂದ ಭಯವೇನೂ ಕಡಿಮೆಯಾಗಿರಲಿಲ್ಲ.

ದೊಡ್ಡನೆಕ್ಕುಂದಿಯ ಈ ಕೋಣೆ ಸಿಗುವ ಮೊದಲು ಐದು ಮನೆಯವರು ಒಂಟಿ ಹೆಣ್ಣೆಂದು ಬಾಗಿಲಿಂದಲೇ ಕಳಿಸಿದ್ದರು. ಹೊಸ ಗೇಮ್‌ಗಳು ಮಾರುಕಟ್ಟೆಗೆ ಬರುವ ಮುಂಚೆ ಅವನ್ನು ಆಡಿ ತಪ್ಪು ಹುಡುಕುವುದು ಅವಳ ಕೆಲಸ. ಕಚೇರಿಯೆಂಬುದಿಲ್ಲ, ಈ ಕೋಣೆಯೇ ಎಲ್ಲ. ಕೋಣೆ ಹೋದರೆ ದಾವಣಗೆರೆ. ಅಲ್ಲಿ ಅಪ್ಪ ಒಪ್ಪಿಕೊಂಡು ಕೂತಿರುವ ಗಂಡು.

ಕೆಳಗಿನ ಮನೆಗೆ ಅಂಟಿಕೊಂಡಂತೆ ಒಂದು ಶೆಡ್ಡು. ಮೂವತ್ತು ವರ್ಷ ಅಲ್ಲಿ ತಗಡು ಒತ್ತುವ ಯಂತ್ರಗಳು ಮೂರು ಪಾಳಿಯಲ್ಲೂ ಓಡಿದ್ದವಂತೆ. ಅವಳು ಬರುವ ಒಂದು ತಿಂಗಳ ಮುಂಚೆ ಶೆಡ್ಡಿನ ಬಾಡಿಗೆಯವರು ಅವನ್ನು ಎತ್ತಿಕೊಂಡು ಹೋಗಿದ್ದರು. ಈಗ ಶಟರಿಗೆ ಬೀಗ, ಬೀಗಕ್ಕೆ ತುಕ್ಕು. ಇನ್ನು ಈ ಬೀದಿ ಆಸ್ಪತ್ರೆಯಷ್ಟು ತಣ್ಣಗಿರುತ್ತದೆ ಎಂದು ಬ್ರೋಕರ್ ಹೊಗಳಿದ್ದ. ಆ ತಣ್ಣಗಿನ ಮನೆಯ ಮೇಲೆ, ಮುದುಕ ಮುದುಕಿ ಮಲಗುವ ಕೋಣೆಯ ನೆತ್ತಿಗೆ ಸರಿಯಾಗಿ, ಅವಳು ಇನ್ನೊಂದು ಕಾರ್ಖಾನೆ ತೆರೆದಿದ್ದಳು.

ಸೋಮವಾರ ಬೆಳಿಗ್ಗೆಯೇ ಅದು ಹೊಳೆಯಬೇಕಿತ್ತು. ಎರಡು ದಿನ ಊರಲ್ಲಿದ್ದು, ದಾವಣಗೆರೆಯ ಬಸ್ಸಿಳಿದು ಬಂದವಳನ್ನು ಗೋಪಾಲಪ್ಪ ಗೇಟಿನಲ್ಲೇ ನಿಲ್ಲಿಸಿದ್ದರು. ಒಳಗೆ ಅವರ ಹೆಂಡತಿ ಅಶ್ವತ್ಥಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಕಂಬಕ್ಕೊರಗಿ ತೂಕಡಿಸುತ್ತಿದ್ದರು.

“ಮನೇಲಿ ನಿದ್ದೆ ಇಲ್ಲಮ್ಮ,” ಎಂದರು ಗೋಪಾಲಪ್ಪ. ಕಣ್ಣು ಕೆಂಪಾಗಿತ್ತು. “ಆ ನಿನ್ನ ಮಿಶನ್ನು ಎಷ್ಟೊತ್ತಿನ ಗಂಟ ಓಡ್ತದೆ?”

“ಹತ್ತಕ್ಕೆ ಆಫ್ ಮಾಡ್ತೀನಿ ಅಂಕಲ್.”

“ಹತ್ತಕ್ಕಾ?”

ಅವರ ಮುಖ ಗಂಟಾಯಿತು. ಇನ್ನೇನೋ ಕೇಳಲು ಹೋಗಿ, ಕೇಳದೆ ಒಳಗೆ ನಡೆದರು. ಅಂದಿನಿಂದಲೇ ಬಾಗಿಲ ಆಚೆಯ ಹೆಜ್ಜೆ.

ಶನಿವಾರ ಅವಳು ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬ್ರೂಕ್‌ಫೀಲ್ಡಿನ ಅಂಗಡಿಗೆ ಹೋದಳು. ಬಿಡಿಭಾಗಗಳ ವ್ಯಾಪಾರಿ ಸಿದ್ಧಾರ್ಥ್ ಮೊದಲು ತೋರಿಸಿದ್ದು ಗಾಜಿನ ಕ್ಯಾಬಿನೆಟ್, ಕಂಪ್ಯೂಟರಿನ ಹೊರಡಬ್ಬಿ. ಒಳಗೆ ಬಣ್ಣ ಬದಲಿಸುವ ಆರು ಫ್ಯಾನು.

“ಬೇಡ. ಲೈಟೂ ಬೇಡ, ಸದ್ದೂ ಬೇಡ.”

“ಗೇಮಿಂಗ್ ಪಿಸಿ ಮೇಡಂ, ಮದುವೆ ಮನೆ ಥರ ಇರ್ಬೇಕು. ನೀವು ಸೂತಕದ ಮನೆ ಕೇಳ್ತಿದ್ದೀರಲ್ಲ.”

ಅವಳು ನಗಲಿಲ್ಲ. ಮುಂದೆ ಜಾಲರಿ ಇರುವ ಡಬ್ಬಿಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಸದ್ದೂ ಅದೇ ದಾರಿಯಲ್ಲಿ ಹೊರಬರುತ್ತದೆ ಎಂದ ಅವನು. ನೀರಿನಿಂದ ತಣಿಸುವ ಕೂಲರ್ ಆದೀತೇ ಎಂದು ಅವಳು ಕೇಳಿದಳು. ಅದರ ಪಂಪು ಸಣ್ಣಗೆ ಗೊಣಗುತ್ತಲೇ ಇರುತ್ತದಂತೆ. ಒಳಗೋಡೆಗೆ ದಪ್ಪ ಫೋಮ್ ಹಚ್ಚಿದ, ಎಲ್ಲ ಕಡೆ ಮುಚ್ಚಿದ ಕಪ್ಪು ಡಬ್ಬಿಯನ್ನು ಅವಳು ಮುಟ್ಟಿದಾಗ ಸಿದ್ಧಾರ್ಥ್ ತಲೆಯಾಡಿಸಿದ.

“ಸದ್ದು ಮುಚ್ಚಬೋದು ಮೇಡಂ. ಶಾಖ ಎಲ್ಲಿಗೆ ಹೋಗ್ಬೇಕು?”

ಕೊನೆಗೆ ಅವನೇ ದಾರಿ ಹೇಳಿದ. ಅದೇ ಕಪ್ಪು ಡಬ್ಬಿ. ಪ್ರೊಸೆಸರಿನ ಮೇಲೆ ಇಟ್ಟಿಗೆ ಗಾತ್ರದ ತಗಡಿನ ಕೂಲರ್. ನಿಧಾನವಾಗಿ ತಿರುಗುವ ಮೂರು ದೊಡ್ಡ ಫ್ಯಾನು. ನಡುಕ ನೆಲಕ್ಕಿಳಿಯದಂತೆ ಕೆಳಗೆ ರಬ್ಬರ್ ಕಾಲು. ಅವನು ಎಲ್ಲ ಜೋಡಿಸಿ, ಎರಡು ಗಂಟೆ ಓಡಿಸಿ, ಶಾಖ ನೋಡಿ ಕೊಟ್ಟ. ಹಳೆಯ ಡಬ್ಬಿ, ಹಳೆಯ ಫ್ಯಾನುಗಳನ್ನು ಅವಳು ಅಲ್ಲೇ ಗುಜರಿಗೆ ಬಿಟ್ಟು ಬಂದಳು.

ಅಂದು ಸಂಜೆ ಯಂತ್ರ ಓಡುತ್ತಿದೆಯೋ ಇಲ್ಲವೋ ಎಂದು ಅವಳಿಗೇ ಅನುಮಾನ ಬಂತು. ಡಬ್ಬಿಯ ಹಿಂದೆ ಅಂಗೈ ಹಿಡಿದಾಗ ಬೆಚ್ಚನೆ ಗಾಳಿ ತಾಗಿತು. ಕೋಣೆಯ ಮೌನದಲ್ಲಿ ಅವಳ ಉಸಿರೇ ದೊಡ್ಡದಾಗಿ ಕೇಳುತ್ತಿತ್ತು.

ಎಂಟೂವರೆಗೆ ಹೆಜ್ಜೆ ಬಂತು. ನಿಂತಿತು. ಈ ಸಲ ನೆರಳು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿಯಿತು. ಹಲಗೆಗೆ ಏನೋ ಒತ್ತಿದ ಸಣ್ಣ ಸದ್ದು. ಕಿವಿ. ಹೇಮಲತಾ ಬಾಯಿಗೆ ಕೈ ಅಡ್ಡ ಹಿಡಿದಳು. ಸದ್ದಿಲ್ಲವಲ್ಲ, ಇನ್ನೇನು ಬೇಕು ಇವರಿಗೆ? ಸದ್ದಿಗಾಗಿ ಅಲ್ಲದಿದ್ದರೆ, ಇಷ್ಟು ದಿನ ಬಂದದ್ದು ಯಾತಕ್ಕೆ?

ಬಹಳ ಹೊತ್ತಿನ ಮೇಲೆ ಹೆಜ್ಜೆಗಳು ಇಳಿದವು. ಅಂಗಳದ ಬೆಳಕಿನ ಚೌಕ ಮಾತ್ರ ಆರಲೇ ಇಲ್ಲ. ಅವಳು ಚಿಲಕ ಎರಡು ಸಲ ನೋಡಿ, ಕುರ್ಚಿಯನ್ನು ಬಾಗಿಲಿಗೆ ಆನಿಸಿ ಮಲಗಿದಳು.

ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದರು. ಅವಳು ಸಂದಿಯಷ್ಟೇ ತೆರೆದಳು. ಗೋಪಾಲಪ್ಪನ ಹಿಂದೆ, ಗೋಡೆ ಹಿಡಿದು ಅಶ್ವತ್ಥಮ್ಮ. ಖಾಲಿ ಮಾಡು ಎಂಬ ಮಾತು ಅವರ ಬಾಯಿಂದ ಬರುವ ಮುಂಚೆ ತನ್ನ ಮಾತು ಮುಗಿಯಬೇಕಿತ್ತು.

“ಅಂಕಲ್, ಎಲ್ಲಾ ಬದಲಾಯಿಸ್ಬಿಟ್ಟಿದ್ದೀನಿ. ಇನ್ಮೇಲೆ ಸದ್ದು ಬರೋದೇ ಇಲ್ಲ.”

ಅಶ್ವತ್ಥಮ್ಮ ಸೆರಗಿನಲ್ಲಿ ಮುಖ ಒತ್ತಿಕೊಂಡು ಮೆಟ್ಟಿಲ ಮೇಲೇ ಕುಳಿತುಬಿಟ್ಟರು. ಗೋಪಾಲಪ್ಪ ಹೆಂಡತಿಯನ್ನು ನೋಡಿದರು, ಆಮೇಲೆ ಹೇಮಲತಾಳನ್ನು.

“ಶೆಡ್ಡಿನ ಮಿಶನ್ನು ನಿಂತ ಮ್ಯಾಕೆ ಇವಳು ಒಸಿ ಕಣ್ಣು ಮುಚ್ತಿದ್ದುದೇ ನಿನ್ನ ಮಿಶನ್ ಸದ್ದಿಗೆ ಕಣಮ್ಮ, ಅದ್ನೂ ಯಾಕೆ ನಿಲ್ಲಿಸ್ಬಿಟ್ಟೆ?”