ತಕ್ಕಡಿ ರಿಪೇರಿಯವನ ಮಗಳು

ನರ್ಸ್ ಅತ್ತ ತಿರುಗಿದ್ದೇ ತಡ, ತಕ್ಕಡಿ ರಿಪೇರಿಯವನು ತನ್ನ ಚೀಲದಿಂದ ಎರಡು ಕಿಲೋದ ಹಿತ್ತಾಳೆ ಬಟ್ಟು ತೆಗೆದು ಕೂಸುಗಳನ್ನು ತೂಗುವ ಯಂತ್ರದ ಮೇಲಿಟ್ಟ. ಎರಡು ಎಂದೇ ತೋರಿಸಿತು. ತೆಗೆದು ಮತ್ತೆ ಇಟ್ಟ. ಮತ್ತೂ ಎರಡೇ. ಯಂತ್ರದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಹಾಗಾದರೆ ದಿನ ತುಂಬಿಯೇ ಹುಟ್ಟಿದ ಮಗಳು ಎರಡು ಕಿಲೋ ಕೂಡ ಇಲ್ಲದ್ದು ನಿಜ.

"ರೀ, ಅದೇನ್ ಮಾಡ್ತಿದ್ದೀರಿ?"

"ಏನಿಲ್ಲ ಸಿಸ್ಟರ್. ನನ್ನ ಕಸುಬು ನೋಡಿ, ಕೈ ಸುಮ್ಮನಿರಲ್ಲ."

ಬಾಟಲಿ ಎತ್ತಿ ಗಟಗಟ ನೀರು ಕುಡಿದ. ಬೆಳಗಿನಿಂದ ನಲ್ಲಿಗೂ ಬಚ್ಚಲಿಗೂ ಅಲೆದು ಅವನ ಕಾಲು ಒಂದೆಡೆ ನಿಂತಿರಲಿಲ್ಲ. ಎಲ್ಲ ಮಗಳ ಚಿಂತೆಗೆ ಎಂದುಕೊಂಡಿದ್ದ.

"ಯಂತ್ರಾನ ಯಾಕೆ ಗೋಳುಹೊಯ್ಕೋತೀಯ?" ಮಂಚದ ಪಕ್ಕ ಕೂತಿದ್ದ ಅವನ ತಾಯಿ ಅಂದಳು. "ಬಸುರಿ ಆದೋಳು ಹೊಟ್ಟೆ ತುಂಬ ತಿನ್ನಬೇಕಿತ್ತು. ಕೋಳಿ ತಿಪ್ಪೆ ಕೆದಕಿದ ಹಾಗೆ ತಟ್ಟೆ ಕೆದಕ್ತಿದ್ಳು. ನೀನು ಹುಟ್ಟಿದಾಗ ಗುಂಡುಕಲ್ಲಿನ ಹಾಗಿದ್ದೆ. ಮೂರು ಕಿಲೋ!"

ಹೆಂಡತಿ ಗೋಡೆಯ ಕಡೆ ಹೊರಳಿದಳು. ವಾಂತಿಯಾದರೂ ಮತ್ತೆ ಬಡಿಸಿಕೊಂಡು ಅವಳು ತಿಂದದ್ದನ್ನು ಅವನೇ ಕಣ್ಣಾರೆ ಕಂಡಿದ್ದ. ಹೇಳಬೇಕೆನಿಸಿತು, ಇನ್ನೊಂದು ಗುಟುಕು ನೀರು ಕುಡಿದ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. "ಊಟದ ಮೇಲೇ ಯಾಕಮ್ಮಾ ಗೂಬೆ ಕೂರಿಸ್ತೀರಿ? ಈಕೆಯ ಎಲ್ಲ ಪರೀಕ್ಷೆನೂ ಸರಿಯಾಗೇ ಇತ್ತು. ಮಗುವಿನ ತೂಕದಲ್ಲಿ ಅಪ್ಪನ ಜೀನುಗಳ ಪಾಲೂ ಇರತ್ತೆ. ಇನ್ಸುಲಿನ್ ತಗ್ಗಿಸೋ ಕೆಲವು ಜೀನುಗಳು ಹೊಟ್ಟೆಯಲ್ಲಿರೋವಾಗ ಮಗೂನ ಸಣ್ಣದಾಗಿಸ್ತವೆ, ದೊಡ್ಡವರಾದ ಮೇಲೆ ಅವೇ ಸಕ್ಕರೆ ಕಾಯಿಲೆ ತರಬಹುದು. ನಿಮ್ಮ ಮನೇಲಿ ಯಾರಿಗಾದ್ರೂ ಇದೆಯಾ?"

"ಅಪ್ಪನಿಗಿತ್ತು. ಅದರಲ್ಲೇ ಹೋದ್ರು," ಎಂದ ಅವನು. "ಆದ್ರೆ ಡಾಕ್ಟ್ರೇ, ನಾನು ಮೂರು ಕಿಲೋ ಇದ್ದೆ."

ತಾಯಿ ಮಡಚಿಟ್ಟಿದ್ದ ಕೂಸಿನ ಬಟ್ಟೆಯನ್ನು ಬಿಡಿಸಿದಳು, ಮತ್ತೆ ಮಡಚಿದಳು.

"ಇರಲಿಲ್ಲ ಕಣೋ."

"ಏನಮ್ಮಾ?"

"ನಮ್ಮತ್ತೆ ನಿನ್ನನ್ನ ಅಂಗಡಿ ತಕ್ಕಡೀಲಿ ತೂಗಿಸಲೇಬೇಕು ಅಂತ ಹಟ ಹಿಡಿದ್ರು. ನೀನೋ, ಇಲಿಮರಿ ಹಾಗಿದ್ದೆ. ನಾನೇ ಸರಿಯಾಗಿ ತಿನ್ನಲಿಲ್ಲ ಅಂತ ಬೈತಾರಲ್ಲ ಅಂತ ಹೆದರಿ, ಸುತ್ತಿದ್ದ ಬಟ್ಟೆಯೊಳಗೆ ಒಂದು ಕಿಲೋ ಕಲ್ಲು ಸೇರಿಸಿಬಿಟ್ಟೆ."

ಹೆಂಡತಿ ಗೋಡೆಯಿಂದ ಈ ಕಡೆ ಹೊರಳಿದಳು.

"ಅತ್ತೇ, ನಂಗೂ ಒಂದು ಕಲ್ಲು ಕೊಡಬಹುದಿತ್ತಲ್ಲ," ಎಂದಳು.

ಡಾಕ್ಟರಮ್ಮನ ಕಣ್ಣು ಅವನ ಕೈಯಲ್ಲಿದ್ದ ಖಾಲಿ ಬಾಟಲಿಯ ಮೇಲಿತ್ತು. "ಎಷ್ಟು ದಿನದಿಂದ ಹೀಗೆ ಬಾಯಾರಿಕೆ?" ಎಂದು ಕೇಳಿದವರು ಉತ್ತರಕ್ಕೆ ಕಾಯದೆ ನರ್ಸಿಗೆ ರಕ್ತ ಪರೀಕ್ಷೆಯ ಸೂಜಿ ತರಲು ಸನ್ನೆ ಮಾಡಿದರು.

ಬಾಟಲಿಯನ್ನು ತೂಕದ ಯಂತ್ರದ ಪಕ್ಕ ಇಟ್ಟು ಅವನು ಬೆರಳು ಚಾಚಿದ. ಇನ್ನೊಂದು ಕೈ ಆಗಲೇ ಬಾಟಲಿಗಾಗಿ ತಡಕಾಡುತ್ತಿತ್ತು.